ಸಸಿ ನೆಟ್ಟರೆ ಸಾಲದು, ನಾಲೆಯನ್ನೂ ಉಳಿಸಿ

ಬಿಸಿಲಿಗೂ ಪ್ರವಾಹಕ್ಕೂ ಗಿಡ ನೆಡುವುದೇ ನಗರಗಳಿಗಿರುವ ಸುಲಭ ದಾರಿ ಅಂತ ನಾನು ಓದಿದ ಲೇಖನವೊಂದರಲ್ಲಿದೆ. ಬಿಸಿಲಿನ ಮಟ್ಟಿಗೆ ಪೂರ್ತಿ ಒಪ್ಪುತ್ತೇನೆ. ಕೊಲಂಬಿಯಾದ ಮೆಡೆಲಿನ್ ನಗರ 2016ರಿಂದ ರಸ್ತೆ, ಹಳ್ಳಗಳ ಉದ್ದಕ್ಕೂ ಹಸಿರು ಬೆಳೆಸಿ ತಾಪವನ್ನು ಸುಮಾರು 2 ಡಿಗ್ರಿ ಇಳಿಸಿಕೊಂಡಿದೆ. ಆದರೆ ಮಳೆ ನೀರಿನ ವಿಷಯ ಹಾಗಲ್ಲ. ಅದಕ್ಕೆ ಹರಿಯುವ ದಾರಿ ಬೇಕು, ಇಂಗುವ ಮಣ್ಣು ಬೇಕು, ನಿಲ್ಲುವ ಕೆರೆ ಬೇಕು.

ನಮ್ಮ ಮೈಸೂರನ್ನೇ ನೋಡಿ. ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ್ದು, 1864ರದ್ದು. ಅದಕ್ಕೆ ಮಳೆ ನೀರು ತರುತ್ತಿದ್ದದ್ದು ಪೂರ್ಣಯ್ಯ ನಾಲೆ. ಆ ನಾಲೆಯ ಜಾಡಿನಲ್ಲಿ ಈಗ ಎಷ್ಟೋ ಕಡೆ ಮನೆ, ರಸ್ತೆ ಎದ್ದಿವೆ. ಕೆರೆ ಏರಿ ಮೇಲೆ ವಾಕಿಂಗ್ ಟ್ರ್ಯಾಕ್ ಚೆನ್ನಾಗಿದ್ದರೆ ಕೆರೆ ಉಳಿಯಿತು ಅಂತಲ್ಲ. ನೀರು ಬರೋ ದಾರಿ ಉಳಿಯಬೇಕು ಅಲ್ವಾ?

ನಮ್ಮ ಬೀದಿಯ ಹೊಂಗೆ ಮರಗಳ ಬುಡಕ್ಕೆ ಅಂಗೈಯಗಲ ಮಣ್ಣೂ ಬಿಡದೆ ಸಿಮೆಂಟ್ ಟೈಲ್ಸ್ ಹಾಕಿದ್ದಾರೆ. ಜೋರು ಮಳೆ ಬಂದರೆ ನೀರು ಬೇರಿಗೆ ಇಳಿಯದೆ ಹಾಗೇ ಸರ್ರನೆ ಚರಂಡಿಗೆ ಹೋಗುತ್ತದೆ. ಹೊಸ ಸಸಿ ಆಮೇಲೆ ನೆಡಲಿ. ಮೊದಲು ಈ ಟೈಲ್ಸ್ ಕಿತ್ತು ಬುಡ ಬಿಡಿಸಲಿ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವ ಮುಂಚೆ ನಾಲೆ ಎಲ್ಲಿದೆ ಅಂತ ಸ್ಥಳಕ್ಕೇ ಹೋಗಿ ಕಲ್ಲು ನೆಟ್ಟು ಗುರುತು ಮಾಡಲಿ.