ಗುಜರಿ ಅಂಗಡಿಯಲ್ಲಿ ನನ್ನ ತೂಕ

ಕಳೆದ ತಿಂಗಳು ತೂಕ ನೋಡಿಸಿಕೊಂಡೆ. ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಮನೆ ಹಿಂದಿನ ಗುಜರಿ ಅಂಗಡಿಯಲ್ಲಿ. ತಮಾಷೆ ಮಾಡ್ತಿಲ್ಲ. ವೀಲ್‌ಚೇರ್ ಸಮೇತ ಹತ್ತಿಸುವಂಥ ತೂಕದ ಮಷೀನು ನಾನು ಹೋಗುವ ಆಸ್ಪತ್ರೆಯಲ್ಲೂ ಇಲ್ಲ. ಅಂಗಡಿಯವರು ಹಳೇ ಪೇಪರ್ ಕಟ್ಟು ಕೆಳಗಿಳಿಸಿ, ಒಂದು ಹಲಗೆ ಆನಿಸಿ, "ಹತ್ಸಿ ಸಾರ್" ಅಂದರು. 84 ಕಿಲೋ. ಆಮೇಲೆ ತಮ್ಮ ನನ್ನನ್ನು ಎತ್ತಿ ಪೇಪರ್ ಕಟ್ಟಿನ ಮೇಲೆ ಕೂರಿಸಿದ. ಖಾಲಿ ಕುರ್ಚಿ 15 ಕಿಲೋ. "ಇದನ್ನ ಬಿಟ್ಟು ಹೋಗ್ತೀರಾ, ಒಳ್ಳೇ ರೇಟ್ ಕೊಡ್ತೀನಿ" ಅಂತ ನಕ್ಕರು.

ಅಂದರೆ ನಾನು 69. ಎತ್ತರ ಐದಡಿ ಏಳಿಂಚು. ಯಾರು ನೋಡಿದರೂ "ಸರಿಯಾಗೇ ಇದ್ದೀಯಲ್ಲಪ್ಪಾ" ಅನ್ನುವ ತೂಕ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, 24ರ ಹತ್ತಿರ. ಆದರೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ 22 ದಾಟಿದರೇ ಬೊಜ್ಜು ಅಂತ ಹಿಡಿಯಬೇಕು ಅನ್ನುತ್ತಾರೆ ಇದನ್ನು ಅಳೆದು ನೋಡಿದವರು. ನನ್ನ ತೊಡೆಯ ಮಾಂಸಖಂಡ ಕರಗಿದೆ, ಹೊಟ್ಟೆ ಒಳಗೆ ಕೊಬ್ಬು ಸೇರಿದೆ. ತಕ್ಕಡಿಗೆ ಈ ವ್ಯತ್ಯಾಸ ಗೊತ್ತಾಗಲ್ಲ.

ಊಟ ಆದಮೇಲೆ ರಕ್ತದಲ್ಲಿರುವ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳೋದು ಮಾಂಸಖಂಡ. ಅದರಲ್ಲೂ ತೊಡೆ, ಕುಂಡೆಯ ದೊಡ್ಡ ಖಂಡಗಳು. ನನ್ನವು ಬೈಕ್ ಬಿದ್ದ ದಿನದಿಂದ, ಅಂದರೆ 11 ವರ್ಷದಿಂದ ರಜೆಯಲ್ಲಿವೆ. ಅಮ್ಮ ಬಡಿಸೋ ಅನ್ನ ಮಾತ್ರ ಮೊದಲಿನಷ್ಟೇ. ಪಾಪ ಅಂತ ಮೇಲೊಂದು ಚಮಚ ತುಪ್ಪ ಬೇರೆ. ನನ್ನ ಖಾಲಿ ಹೊಟ್ಟೆ ಶುಗರ್ ಈಗ 118. 126ಕ್ಕೆ ಡಯಾಬಿಟಿಸ್.

ಈ 118 ಕಂಡಿದ್ದು ಹೇಗೆ ಗೊತ್ತಾ? ಹಲ್ಲು ಕೀಳಿಸೋಕೆ ಮುಂಚೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ. ಇಷ್ಟು ವರ್ಷದಲ್ಲಿ ಡಾಕ್ಟರುಗಳು ಕಾಲು ನೋಡಿದರು, ಬೆನ್ನು ನೋಡಿದರು, ಮೂತ್ರದ ಸೋಂಕು ನೋಡಿದರು. ಅದೆಲ್ಲ ಬೇಕು, ಬೇಡ ಅನ್ನಲ್ಲ. ಶುಗರ್ ನೋಡಿಸಿ ಅಂತ ಒಬ್ಬರೂ ಹೇಳಲಿಲ್ಲ. ನೆಂಟರದ್ದು ಬಿಡಿ, ಅವರಿಗೆ ಒಂದೇ ಪ್ರಶ್ನೆ: "ಯಾವಾಗ ಎದ್ದು ಓಡಾಡ್ತೀಯಾ?"

ನನಗನ್ನಿಸೋದು, ಎಡವಟ್ಟಾಗಿರೋದು ಇಲ್ಲೇ. ಎಲ್ಲರ ಕಣ್ಣೂ ಕಾಲಿನ ಮೇಲೆ. ವ್ಯಾಯಾಮ ಅಂದರೆ ಮಂಚದ ಮೇಲೆ ಮಲಗಿಸಿ ಬೇರೆಯವರು ನನ್ನ ಕಾಲು ಮಡಚಿ ಬಿಡಿಸೋದು. ಕೀಲು ಬಿಗಿಯಬಾರದು ಅಂತ ಅದನ್ನು ಮಾಡಿಸಲೇಬೇಕು. ಆದರೆ ಅದರಲ್ಲಿ ಬೆವರೋರು ಫಿಸಿಯೋ, ನಾನಲ್ಲ! ಶುಗರಿಗೆ, ಹೃದಯಕ್ಕೆ ನನ್ನದೇ ಉಸಿರು ಏರಬೇಕು.

ಎಷ್ಟು ಮಾಡಬೇಕು ಅಂತ ನಮ್ಮಂಥವರಿಗೇ ಬೇರೆ ಲೆಕ್ಕ ಇದೆ. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ, ಕಸುವು ಬರೋಕೆ ವಾರಕ್ಕೆ ಎರಡು ದಿನ 20 ನಿಮಿಷ ಉಸಿರೇರುವ ಕೆಲಸ, ಜೊತೆಗೆ ತೋಳು, ಭುಜಕ್ಕೆ ಭಾರದ ವ್ಯಾಯಾಮ. ಹೃದಯ, ಸಕ್ಕರೆ, ಕೊಬ್ಬಿನ ಲೆಕ್ಕಕ್ಕೆ ವಾರಕ್ಕೆ ಮೂರು ದಿನ 30 ನಿಮಿಷ. ಇಷ್ಟೇ. ತೋಳಿನ ಖಂಡ ಚಿಕ್ಕದು, ಎಷ್ಟು ತಳ್ಳಿದರೂ ಓಡುವವರಷ್ಟು ಕ್ಯಾಲೊರಿ ಸುಡಲ್ಲ. ಅದಕ್ಕೇ ತಟ್ಟೆಯಲ್ಲೂ ಕಡಿಮೆ ಆಗಬೇಕು. ತುಪ್ಪದ ವಿಷಯಕ್ಕೆ ಅಮ್ಮನ ಜೊತೆ ದಿನಾ ಜಗಳ ನಡೀತಿದೆ.

ಹತ್ತಿರದ ಜಿಮ್ಮಿಗೆ ಮೂರು ಮೆಟ್ಟಿಲು. ಹೊರಗಿಂದಲೇ ಕೇಳಿದೆ. ಟ್ರೈನರ್ ಹುಡುಗ ಒಳ್ಳೆಯವನೇ, "ಸಾರ್, ನೀವು ರೆಸ್ಟ್ ಮಾಡ್ಬೇಕಲ್ವಾ?" ಅಂದ. 11 ವರ್ಷದಿಂದ ಕೂತೇ ಇದ್ದೀನಲ್ಲಪ್ಪಾ! ಖಾಸಗಿ ಕಟ್ಟಡಕ್ಕೂ ನಮ್ಮ ಕುರ್ಚಿ ಹೋಗುವಂತಿರಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತೆ. ಮೆಟ್ಟಿಲಿಗೆ ಅದು ತಿಳಿದಿಲ್ಲ.

ಹಾಗಾಗಿ ಕಿಟಕಿ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿದ್ದೀನಿ. ತಳ್ಳೋದಕ್ಕಿಂತ ಹಿಂದಕ್ಕೆ ಎಳೆಯೋದು ಜಾಸ್ತಿ. ಕುರ್ಚಿ ತಳ್ಳಿ ತಳ್ಳಿ ಭುಜ ಹೇಗೂ ಸವೆದಿರುತ್ತೆ, ಅದೂ ಹೋದರೆ ಮಂಚದಿಂದ ಕುರ್ಚಿಗೆ ದಾಟೋಕೂ ಆಗಲ್ಲ.

ಕುತ್ತಿಗೆ ಹತ್ತಿರ ಪೆಟ್ಟಾದವರು ನನ್ನನ್ನು ನೋಡಿ ಹಾಗೇ ಶುರು ಮಾಡಬೇಡಿ. ನನ್ನ ಗೆಳೆಯನೊಬ್ಬನಿಗೆ ಪೆಟ್ಟಾದ ಜಾಗದ ಕೆಳಗೆ ಬೆವರೇ ಬರಲ್ಲ, ಮೈ ಕಾದುಬಿಡುತ್ತೆ. ಮುಖಕ್ಕೆ ನೀರು ಚಿಮುಕಿಸೋ ಬಾಟಲಿ ಮಡಿಲಲ್ಲೇ ಇರುತ್ತೆ. ಎಷ್ಟು ದಣಿದರೂ ಅವನ ನಾಡಿ 120ರ ಮೇಲೆ ಹೋಗಲ್ಲ, ವಾಚ್ ನಂಬಿಕೊಂಡರೆ ಕೆಟ್ಟ. ಬೆನ್ನುಹುರಿಯ ಎದೆ ಭಾಗದ ಆರನೇ ಮಟ್ಟದಲ್ಲಿ (ರಿಪೋರ್ಟಿನಲ್ಲಿ T6) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರಕೋಶ ತುಂಬಿದ್ದರೂ ಸಾಕು, ಬಿಪಿ ಧಿಡೀರ್ ಏರಬಹುದು. ಖಾಲಿ ಮಾಡಿಕೊಂಡೇ ಶುರು ಮಾಡಬೇಕು. ತಲೆ ಸಿಡಿದರೆ ಅಲ್ಲಿಗೇ ನಿಲ್ಲಿಸಿ ಬೆನ್ನು ನೆಟ್ಟಗೆ ಕೂರಬೇಕು, ಬಿಪಿ ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು. ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಭಾನುವಾರ ಮಾತ್ರ ನನಗೆ ಹಬ್ಬ. ಕಬ್ಬನ್ ಪಾರ್ಕಿನೊಳಗೆ ಅವತ್ತು ಕಾರು, ಬೈಕು ಬಿಡಲ್ಲ, ಕುರ್ಚಿ ತಳ್ಳಿಕೊಂಡು ಸುತ್ತಬಹುದು. ವಿಜಯನಗರದಲ್ಲಿ ಮೆಟ್ರೋ ಲಿಫ್ಟ್ ಹತ್ತಿದರೆ ಸೀದಾ ಅಲ್ಲೇ. ಮನೆಯಿಂದ ಸ್ಟೇಷನ್ನಿನವರೆಗಿನ ಫುಟ್‌ಪಾತ್ ಬಗ್ಗೆ ಇನ್ನೊಂದು ದಿನ ಬರೀತೀನಿ, ಅದಕ್ಕೆ ಬೇರೆ ಭಾಷೆ ಬೇಕು. ಈ ವಾರ ಬರೋರು ಎಂಟು ಗಂಟೆಗೆ ಕಬ್ಬನ್ ಪಾರ್ಕ್ ಸ್ಟೇಷನ್ ಲಿಫ್ಟ್ ಹತ್ತಿರ ಸಿಗಿ. ಏರು ಬಂದಾಗ ದಯವಿಟ್ಟು ಹಿಂದಿನಿಂದ ತಳ್ಳಬೇಡಿ. ನಾನು ಅಷ್ಟು ದೂರ ಬರೋದೇ ಆ ಏರಿಗೋಸ್ಕರ.