ಬಿಡುವು ಕೊಟ್ಟರಷ್ಟೇ ಸಾಲದು, ಹೊತ್ತಿಗೆ ಸರಿಯಾಗಿ ಕೊಡಬೇಕು

ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ 30 ನಿಮಿಷ ಊಟದ ಬಿಡುವು ಕೊಟ್ಟರೆ ಮಾಲೀಕರ ಹೊಣೆ ಮುಗಿಯಿತು ಎಂಬರ್ಥದ ಲೇಖನವೊಂದನ್ನು ಓದಿದೆ. ಅದು ಅರ್ಧ ಸತ್ಯ. ಗಂಟೆ ಲೆಕ್ಕದ ನೌಕರರಿಗೆ ಈ ಬಿಡುವು ಐದನೇ ಗಂಟೆ ಮುಗಿಯುವುದರೊಳಗೆ ಶುರುವಾಗಬೇಕು. ಬೆಳಿಗ್ಗೆ 8ಕ್ಕೆ ಬಂದವರು ಮಧ್ಯಾಹ್ನ 1.05ಕ್ಕೆ ಊಟಕ್ಕೆ ಎದ್ದಂತೆ ದಾಖಲೆಯಲ್ಲಿದ್ದರೆ ಉಲ್ಲಂಘನೆ ಎಂದೇ ಭಾವಿಸಲಾಗುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಮಾಲೀಕರದು. 27 ನಿಮಿಷವನ್ನು 30 ಎಂದು ಹಾಜರಿ ಸಾಫ್ಟ್‌ವೇರ್ ದುಂಡು ಮಾಡುವುದನ್ನೂ ರಾಜ್ಯದ ಸುಪ್ರೀಂ ಕೋರ್ಟ್ 2021ರಲ್ಲಿ ಒಪ್ಪಲಿಲ್ಲ. ಆ ಸೆಟ್ಟಿಂಗ್ ಇವತ್ತೇ ತೆಗೆಸಿ, ಕೆಲಸ ಶುರುವಾಗಿ ನಾಲ್ಕೂವರೆ ಗಂಟೆಯಾದಾಗ ಸೂಪರ್‌ವೈಸರ್ ಫೋನಿಗೆ ಎಚ್ಚರಿಕೆ ಹೋಗುವಂತೆ ಮಾಡಿಸಿ.

ಲೇಖನ ಮುಟ್ಟದೇ ಬಿಟ್ಟಿದ್ದು 10 ನಿಮಿಷದ ಸಂಬಳಸಹಿತ ವಿಶ್ರಾಂತಿ. ಮೂರೂವರೆಯಿಂದ 6 ಗಂಟೆ ಅವಧಿಯ ಪಾಳಿಗೆ ಒಂದು, 6 ದಾಟಿ 10ರವರೆಗೆ ಎರಡು. ಇಲ್ಲಿ ಎಡವುವುದು ಕೊಡದೇ ಇರುವುದರಿಂದಲ್ಲ, "ವಾಕಿಟಾಕಿ ಜೊತೆಗಿರಲಿ, ಕರೆದರೆ ಬಾ" ಅನ್ನುವುದರಿಂದ. ಕರೆಗೆ ಕಾಯುತ್ತಾ ಕೂರುವುದು ವಿಶ್ರಾಂತಿಯಲ್ಲ ಎಂದು 2016ರಲ್ಲೇ ತೀರ್ಪಾಗಿದೆ. ಬದಲಿಗೆ ನಿಲ್ಲುವವರ ಹೆಸರು ಪಾಳಿ ಪಟ್ಟಿಯಲ್ಲಿ ಮೊದಲೇ ಇಲ್ಲದಿದ್ದರೆ ಯಾವ ನಿಯಮವೂ ಕಾಗದದಲ್ಲೇ ಉಳಿಯುತ್ತದೆ.

ತಪ್ಪಿದ ದಿನ ಒಂದು ಗಂಟೆಯ ಹೆಚ್ಚುವರಿ ವೇತನ ಕೊಡಬೇಕು. ಊಟ, ವಿಶ್ರಾಂತಿ ಎರಡೂ ತಪ್ಪಿದರೆ ಎರಡು ಗಂಟೆಯದು. ಲೆಕ್ಕ ಬರೀ ಗಂಟೆದರದ ಮೇಲಲ್ಲ, ಕಮಿಷನ್ ಹಾಗೂ ಮೊದಲೇ ಮಾತು ಕೊಟ್ಟ ಬೋನಸ್ ಸೇರಿಸಿ. ನೌಕರ ಕೇಳಲಿ ಎಂದು ಕಾಯಬೇಡಿ. ಅದೇ ವೇತನ ಚೀಟಿಯಲ್ಲಿ ಬೇರೆ ಸಾಲಾಗಿ ತೋರಿಸಿ ಪಾವತಿಸಿ.