ಅದೇ ದಾರಿ, ಮೂರು ಸಲ

ಕಳೆದ ಒಂದು ವರ್ಷದಲ್ಲಿ ನಮ್ಮ ಉತ್ತರ ಕನ್ನಡದ ಅಘನಾಶಿನಿ ನದಿ ಕಣಿವೆಯ ಒಂದೇ ಕಾಲುದಾರಿಯಲ್ಲಿ ಮೂರು ಸಲ ನಡೆದೆ. ಮಳೆ ಜೋರಾಗಿದ್ದಾಗ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ, ಈ ಬೇಸಿಗೆ ಶುರುವಿಗೆ ಒಮ್ಮೆ. ದಾರಿ ಹೆಚ್ಚೆಂದರೆ ಎರಡು ಕಿಲೋಮೀಟರ್. ಪ್ರತಿ ಸಲವೂ ಮೂರು ತಾಸು ಬೇಕಾಯಿತು. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋದದ್ದು, ಎಂಟೇ ಜನ, ಜೊತೆಗೆ ದಾರಿ ತೋರಿಸಲು ಅದೇ ಊರಿನ ಒಬ್ಬರು ಹಿರಿಯರು. ಇದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಇಂಥ ನಡಿಗೆಗಳ ವಿರೋಧಿಯೇ ಆಗಿದ್ದೆ. ಕೆಲವು ವರ್ಷದ ಹಿಂದೆ ಗೆಳತಿಯ ಒತ್ತಾಯಕ್ಕೆ 'ನೇಚರ್ ವಾಕ್' ಅಂತ ಒಂದಕ್ಕೆ ಹೋಗಿದ್ದೆ. ನಲವತ್ತು ಜನ ಬಸ್ಸಿನಿಂದ ಇಳಿದರು. ಕರೆದುಕೊಂಡು ಬಂದ ಹುಡುಗನಿಗೆ ಆ ಕಾಡಿನ ಒಂದು ಮರವೂ ಗೊತ್ತಿರಲಿಲ್ಲ. ಜಲಪಾತದ ತನಕ ಓಡಿಸಿದ, ಫೋಟೋ ತೆಗೆಸಿದ, ವಾಪಸ್ ಓಡಿಸಿದ. ಒಬ್ಬರ ಬ್ಯಾಗಿನಲ್ಲಿ ಸ್ಪೀಕರ್ ಹಾಡುತ್ತಿತ್ತು. ಹಳ್ಳದ ದಂಡೆಯಲ್ಲಿ ಚಿಪ್ಸ್ ಪ್ಯಾಕೆಟ್ ಹೆಕ್ಕುತ್ತಾ ನನಗೆ ಅಳು ಬಂತು. ಕಾಡನ್ನು ಅದರ ಪಾಡಿಗೆ ಬಿಡಿ, ಯಾರೂ ಬರುವುದೇ ಬೇಡ ಅನಿಸಿತ್ತು.

ಆ ಅಭಿಪ್ರಾಯ ಬದಲಾದದ್ದು ಜುಲೈನ ನಡಿಗೆಯಲ್ಲಿ.

ಅವತ್ತು ನಾವು ನೋಡಿದ್ದು ರಾಮಪತ್ರೆ ಜಡ್ಡಿ. ವರ್ಷವಿಡೀ ನೀರು ಜಿನುಗುವ ತಗ್ಗು. ಅಲ್ಲಿ ಬೆಳೆಯುವುದು ಜಾಯಿಕಾಯಿ ಕುಟುಂಬದ ಕಾಡುಮರಗಳು. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಹಾಗಾಗಿ ಬೇರು ಮಣ್ಣಿನಿಂದ ಮೇಲೆದ್ದು, ಮಂಡಿ ಮಡಚಿದ ಹಾಗೆ ಬಾಗಿ, ಮತ್ತೆ ಕೆಳಗಿಳಿಯುತ್ತದೆ. ಉಸಿರಾಡುವುದು ಆ ಮಂಡಿಯಿಂದ. ಕೆಲವು ಮರ ಸುತ್ತಲೂ ಊರುಗೋಲು ಇಟ್ಟುಕೊಂಡು ನಿಂತಿರುತ್ತವೆ. ಮಳೆಯಲ್ಲಿ ಅದರ ನಡುವೆ ನೀರು ಸದ್ದಿಲ್ಲದೆ ಹರಿಯುತ್ತಿರುತ್ತದೆ. ಎಷ್ಟು ಹೊತ್ತು ನಿಂತಿದ್ದೆವೋ ಗೊತ್ತಿಲ್ಲ, ಉಂಬಳ ಕಾಲಿಗೆ ಹತ್ತಿದ್ದೂ ತಿಳಿಯಲಿಲ್ಲ.

ನಾನು ಇನ್ನೊಂದು ಹೆಜ್ಜೆ ಮುಂದಿಡಲು ಹೋದೆ. ಹಿರಿಯರು ಕೋಲು ಅಡ್ಡ ಹಿಡಿದರು. "ಇಲ್ಲಿಂದ ಮುಂದೆ ಬ್ಯಾಡ ತಂಗೀ. ಕಾಲ ಕೆಳಗೆ ಸಸಿ ಅದೆ."

ಬಗ್ಗಿ ನೋಡಿದರೆ ನಿಜ. ಬೆರಳುದ್ದದ ಸಸಿಗಳು. ರಾಮಪತ್ರೆಯ ಬೀಜ ದೊಡ್ಡದು, ಒಣಗಿದರೆ ಸತ್ತೇ ಹೋಗುತ್ತದೆ, ಕೂಡಿಟ್ಟು ಮುಂದಿನ ವರ್ಷ ಬಿತ್ತುವ ಹಾಗಿಲ್ಲ. ಇಂಥ ಜಡ್ಡಿಗಳು ಈಗ ಉಳಿದಿರುವುದೇ ಚೂರುಚೂರು. ನೀರಿರುವ ಜಾಗ ಅಂತ ಗದ್ದೆಯಾದವು, ಅಡಿಕೆ ತೋಟವಾದವು. ನಮ್ಮ ಅಜ್ಜ ಮುತ್ತಜ್ಜಂದಿರು ತೋಟ ಮಾಡಿದ್ದೂ ಇಂಥ ತಗ್ಗಿನಲ್ಲೇ ಅಲ್ವಾ? ಅವರನ್ನು ದೂರುತ್ತಿಲ್ಲ. ಆದರೆ ಉಳಿದಿದ್ದರ ಮೇಲೆ ನನ್ನ ಬೂಟು ಇಡುವ ಮೊದಲು ಯಾರಾದರೂ ತಡೆಯಬೇಕಿತ್ತು, ತಡೆದರು.

ಅದೇ ದಿನ ಹಳ್ಳದ ಮೇಲೆ ಬಾಗಿದ ಕಡ್ಡಿಯೊಂದಕ್ಕೆ ಮಣ್ಣು ಮೆತ್ತಿದ್ದು ತೋರಿಸಿದರು. ಸುಮ್ನೆ ಕೆಸರು ಸಿಡಿದದ್ದು ಅಂದುಕೊಂಡಿದ್ದೆ. ಅದರೊಳಗೆ ಕಪ್ಪೆಯ ಮೊಟ್ಟೆ ಇತ್ತು. ಗಂಡು ಕಪ್ಪೆ ಮುಂಗಾಲಿನಲ್ಲಿ ಮಣ್ಣು ತಂದು ಮೊಟ್ಟೆಗೆ ಮೆತ್ತುತ್ತದೆ, ಥೇಟ್ ಮಡಕೆ ಮಾಡುವವರ ಹಾಗೆ. 2014ರಲ್ಲಿ ಸಂಶೋಧಕರು ಇದಕ್ಕೆ ಕೊಟ್ಟ ಹೆಸರಿನಲ್ಲಿ ನಮ್ಮ ಕನ್ನಡದ 'ಕುಂಬಾರ' ಶಬ್ದವೇ ಇದೆ. ಹಾಗೆಯೇ ಗೇರಿನ ಕುಟುಂಬದ ಒಂದು ಮರದ ವೈಜ್ಞಾನಿಕ ಹೆಸರಿನಲ್ಲಿ ಸಿದ್ದಾಪುರ ತಾಲೂಕಿನ ಕತ್ತಲೆಕಾನು ಕಾಡಿನ ಹೆಸರು ಇದೆ. ಅದನ್ನು ಹೊಸ ಜಾತಿ ಅಂತ ಗುರುತಿಸಿದ್ದು 2000ದಲ್ಲಿ, ಈಗ ಅದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ತಾಳಗುಪ್ಪ–ಹೊನ್ನಾವರ ರಸ್ತೆಯಲ್ಲಿ ಆ ಕಾನಿನ ನಡುವೆಯೇ ನಾನು ನೂರಾರು ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಕಿಟಕಿ ಹಾಕಿಕೊಂಡು ನಿದ್ದೆ ಮಾಡಿದ್ದೇನೆ. ಯಾರೂ ಹೇಳಿರಲಿಲ್ಲ.

ಎರಡನೇ ನಡಿಗೆ ತಂಪಾಗಿತ್ತು, ಹಳ್ಳ ತಿಳಿಯಾಗಿತ್ತು, ಚಿಟ್ಟೆ ಜಾಸ್ತಿ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ನನಗಿಂತ ಮೊದಲು ಸಿಂಗಳೀಕ ಕಂಡಿತು. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಮಂಗ ಅದು. ಅದರ ನೆಲೆಗಳಲ್ಲಿ ನಮ್ಮ ಜಿಲ್ಲೆಯದು ಉತ್ತರದ ತುದಿ.

ಮೂರನೆಯದು ಬೇಸಿಗೆಯದು. ಅಂದು ಸ್ವಲ್ಪ ಜಗಳವೂ ಆಯಿತು. ದಾರಿಯಿಂದ ಒಳಗೆ ಒಂದು ಹಳೆಯ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಗೂಡು ಮಾಡಿತ್ತು. ಹೆಣ್ಣು ಒಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ. ವಾರಗಟ್ಟಲೆ ಗಂಡೇ ಹಣ್ಣು ತಂದು ಕೊಡಬೇಕು. ಗುಂಪಿನಲ್ಲಿ ದೊಡ್ಡ ಕ್ಯಾಮೆರಾ ತಂದಿದ್ದವರೊಬ್ಬರು ಹತ್ತಿರ ಹೋಗೋಣ, ಐದೇ ನಿಮಿಷ ಅಂದರು. ಹಿರಿಯರು ಆಗುವುದಿಲ್ಲ ಅಂದರು. ದುಡ್ಡು ಕೊಟ್ಟು ಬಂದಿದ್ದೇವೆ ಎಂಬ ಮಾತೂ ಬಂತು. "ಮರದ ಕೆಳಗೆ ಜನ ನಿಂತ್ರೆ ಗಂಡು ಬರೂದಿಲ್ಲ. ಒಳಗಿದ್ದದ್ದು ಉಪವಾಸ. ನಿಮ್ಮ ದುಡ್ಡು ವಾಪಸ್ ತಕಳಿ" ಅಂದು ಬೇರೆ ದಾರಿ ಹಿಡಿದರು. ನಾವೆಲ್ಲ ಹಿಂದೆ ನಡೆದೆವು. ಕ್ಯಾಮೆರಾದವರೂ ಬಂದರು.

ನನಗೆ ಆ ಕ್ಷಣ ಬಹಳ ದೊಡ್ಡದಾಗಿ ಕಂಡಿತು. ಕಾಡಿನ ನಡಿಗೆಗೆ ಬೇಕಾದದ್ದು 'ಬೇಡ' ಅನ್ನಬಲ್ಲ ಮನುಷ್ಯ. ಹೊರಗಿನಿಂದ ಗುತ್ತಿಗೆಗೆ ಬಂದವರು ಹಾಗೆ ಅನ್ನಲಾರರು. ಅವರಿಗೆ ಸ್ಟಾರು ಬೇಕು, ರಿವ್ಯೂ ಬೇಕು. ಈ ಹಿರಿಯರಿಗೆ ನಾಳೆಯೂ ಅದೇ ಮರದ ಬುಡದಲ್ಲಿ ದನ ಹುಡುಕಿಕೊಂಡು ಹೋಗಬೇಕು.

ಹಾಗಾಗಿ ನನ್ನ ಅಭಿಪ್ರಾಯ ಇದು. ಇಂಥ ನಡಿಗೆ ಬೇಕು, ಆದರೆ ಊರಿನವರ ಕೈಯಲ್ಲಿರಬೇಕು. ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾದದ್ದು 2011ರಲ್ಲಿ. ಸುಮಾರು 300 ಚದರ ಕಿಲೋಮೀಟರ್. ಆಗ ನಮ್ಮ ಕಡೆ ತೋಟಕ್ಕೆ ಸೊಪ್ಪು ತರುವ ಬೆಟ್ಟ ಹೋಯಿತು, ದಾರಿ ಬಂದ್ ಆಯಿತು ಅಂತ ಹೆದರಿದವರು ತುಂಬಾ ಜನ. ಆದರೆ ಸಂರಕ್ಷಣಾ ಮೀಸಲು ಅಭಯಾರಣ್ಯದ ಹಾಗಲ್ಲ. ಸ್ಥಳೀಯರ ಜೊತೆ ಮಾತಾಡಿಯೇ ಘೋಷಿಸಬೇಕು, ಒಳಗಿನ ಜನರ ಹಕ್ಕು ಹಾಗೇ ಇರುತ್ತದೆ, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳು ಇರಬೇಕು ಅಂತ ಕಾನೂನೇ ಹೇಳುತ್ತದೆ. 2019ರಲ್ಲಿ ಆ ಮೀಸಲು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದಲ್ಲಿ ಸೇರಿಹೋಯಿತು. ಆದರೂ ಊರಿನವರಿರುವ ಅಂಥದೇ ಒಂದು ಸಮಿತಿ ಕೂತು ಯಾವ ತಿಂಗಳು ಯಾವ ದಾರಿ ತೆರೆಯಬೇಕು, ಯಾವುದು ಮುಚ್ಚಬೇಕು ಅಂತ ಯಾಕೆ ತೀರ್ಮಾನ ಮಾಡಬಾರದು? ಗೂಡಿನ ಕಾಲಕ್ಕೆ ಮಂಗಟ್ಟೆಯ ದಾರಿ ಬಂದ್. ಜಡ್ಡಿಯಾದರೆ ಯಾವ ಕಾಲದಲ್ಲೂ ಅಂಚಿನಲ್ಲಷ್ಟೇ. ಎಂಟು ಹತ್ತು ಜನರಿಗಿಂತ ಜಾಸ್ತಿ ಬೇಡ. ಶುಲ್ಕದ ದೊಡ್ಡ ಪಾಲು ದಾರಿ ತೋರಿಸುವವರಿಗೆ. ನಮ್ಮ ತಾಲೂಕಿನ ಶಾಲೆ ಮಕ್ಕಳಿಗೆ ಪುಕ್ಕಟೆ.

ಸಂಖ್ಯೆಗೆ ಮಿತಿ ಹಾಕುವುದು ಹೊಸ ಮಾತೇನಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಸೇರಿದ ಮೇಲೆ ಸರ್ಕಾರ ಚಾರಣವನ್ನೇ ನಿಲ್ಲಿಸಿ, ನಂತರ ಆನ್‌ಲೈನ್ ಬುಕಿಂಗ್ ತಂದಿತು. ಒಳ್ಳೆಯದೇ. ಆದರೆ ಬುಕಿಂಗ್ ಸೈಟಿಗೆ ಸಸಿ ಕಾಣುವುದಿಲ್ಲ.

ತಿಳಿದವರು ನಮ್ಮಲ್ಲಿ ಎಲ್ಲಿದ್ದಾರೆ ಅಂತ ಕೇಳುವವರಿಗೆ ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನಪಿಸುತ್ತೇನೆ. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಯಾವ ಮರದ ಬೀಜ ಯಾವಾಗ ಹೆಕ್ಕಬೇಕು ಅಂತ ಇಲಾಖೆಯ ನರ್ಸರಿಗೇ ಹೇಳಿಕೊಟ್ಟರು. ಪದ್ಮಶ್ರೀ ಬಂತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಷ್ಟು ತಿಳಿದವರು ಹಾಲಕ್ಕಿ, ಕುಣಬಿ, ಸಿದ್ದಿ, ಕರೆ ಒಕ್ಕಲು ಕೇರಿಗಳಲ್ಲಿ ಇನ್ನೂ ಇದ್ದಾರೆ. ಅವರ ಮಕ್ಕಳು ಬೆಂಗಳೂರಿನಲ್ಲಿ, ಗೋವಾದಲ್ಲಿ ಕೂಲಿ ಹುಡುಕುತ್ತಿದ್ದಾರೆ.

ಜುಲೈ ನಡಿಗೆ ಮುಗಿಸಿ ಮನೆಗೆ ಬಂದು ಅಪ್ಪನಿಗೆ ಉಪ್ಪಾಗೆ ಎಂಬ ಹುಳಿ ಕಾಡುಹಣ್ಣು ಬಿದ್ದಿದ್ದರ ಬಗ್ಗೆ ಹೇಳಿದೆ. ಸಿಂಗಳೀಕಕ್ಕೆ ಮಳೆಗಾಲದಲ್ಲಿ ಅದೂ ಊಟ ಅಂತಲೂ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ತೊಂಬತ್ತರ ದಶಕದಲ್ಲಿ ಹೊರದೇಶದಲ್ಲಿ ತೂಕ ಇಳಿಸುವ ಮಾತ್ರೆಗೆ ಬೇಕು ಅಂತ ಉಪ್ಪಾಗೆ ಸಿಪ್ಪೆಗೆ ರೇಟು ಏರಿತ್ತು. ಹಣ್ಣಾಗಲು ಕಾಯದೆ ಟೊಂಗೆಯನ್ನೇ ಕಡಿದು ಉದುರಿಸುತ್ತಿದ್ದರಂತೆ, ಒಣಗಿಸಲು ರಾತ್ರಿಯಿಡೀ ಕಟ್ಟಿಗೆ ಉರಿಸುತ್ತಿದ್ದರಂತೆ. "ನಾವೂ ಕಡಿದಿದ್ದೇವೆ. ಮಂಗ ಏನು ತಿನ್ನುತ್ತದೆ ಅಂತ ಯೋಚನೆಯೇ ಬರಲಿಲ್ಲ" ಅಂದರು. ಈ ಮಾತನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ನನ್ನ ಹತ್ತಿರ ಆಡಿರಲಿಲ್ಲ.

ಬರುವ ಚಳಿಗಾಲಕ್ಕೆ ನದಿಯ ಕೆಳತುದಿಗೆ ಹೋಗುವ ಯೋಚನೆ ಇದೆ. ಕುಮಟಾ ಕಡೆಯ ಅಳಿವೆ. ಅಣೆಕಟ್ಟೆಯಿಲ್ಲದೆ ಸಮುದ್ರ ಸೇರುವ ನದಿ, 2024ರಲ್ಲಿ ಆ ಅಳಿವೆಗೆ ಜಾಗತಿಕ ಮಹತ್ವದ ಜೌಗುಪ್ರದೇಶ ಅಂತ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಉಪ್ಪುನೀರಿನ ಗಜನಿ ಗದ್ದೆಯ ಕಗ್ಗ ಭತ್ತ, ಇಳಿತದಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರು, ವಲಸೆ ಹಕ್ಕಿ, ಎಲ್ಲ ಒಂದೇ ಕಡೆ. ಅಪ್ಪನನ್ನೂ ಕರೆದಿದ್ದೇನೆ. ಮಂಡಿನೋವು, ಏರು ಇದ್ದರೆ ಆಗುವುದಿಲ್ಲ ಅಂದರು. ಏರಿಲ್ಲ ಅಪ್ಪ, ಗಜನಿ ಕಟ್ಟೆಯ ಮೇಲೆ ನಿಧಾನ ನಡೆದರಾಯಿತು ಅಂದಿದ್ದೇನೆ. ಬರುತ್ತೇನೆ ಅಂದಿದ್ದಾರೆ.